ಎಂಟನೆಯ ತರಗತಿ ನಾರ್ವೆಗೆ

10 ಏಪ್ರಿಲ್ 2006, ಸೋಮವಾರ

ಜೀಪು ಇವತ್ತೂ ಸ್ಟಾರ್ಟ್ ಆಗಲಿಲ್ಲ. ಕೊಪ್ಪದಿಂದ ಅರ್ಧ ದಾರಿ ಬಸ್ಸಿನಲ್ಲಿ, ಉಳಿದರ್ಧ ನಡೆದು, ನಾರ್ವೆ ಎಂಬ ಊರಿನ ಶಾಲೆಗೆ ಹೋಗಿ ಬಂದೆ. ಏಳನೆಯದು ಮುಗಿಸಿದ ಹುಡುಗಿಯರು ಆಗಲೇ ಕೂಲಿಗೆ ಸೇರಿಯಾಗಿದೆ. ರೇಖಾ ಎಂಬವಳು ಗಣಿತದಲ್ಲಿ ಶಾಲೆಗೇ ಮೊದಲು. ತೋಟದ ಬೇಲಿಯ ಹತ್ತಿರ ಅವಳ ತಾಯಿ ಶಾಂತಕ್ಕ ಸಿಕ್ಕಳು. ಸೊಪ್ಪಿನ ಹೊರೆ ಇಳಿಸುತ್ತಲೇ ಹೇಳಿದಳು:

"ಹೈಸ್ಕೂಲಿಗೆ ಕಾಡು ದಾಟಿ ನಡೀಬೇಕು ಮೇಡಂ. ಹೆಣ್ಣುಡುಗೀನ ಹ್ಯಾಂಗೆ ಕಳ್ಸದು? ಇಲ್ಲೇ ಇದ್ದಿದ್ರೆ ಓದ್ಸ್ತಿದ್ದೆ."

ಈ ವರ್ಷ ತಾಲ್ಲೂಕಿನ ಒಂದೇ ಒಂದು ಶಾಲೆಗೆ ಎಂಟನೆಯ ತರಗತಿ ಕೊಡುತ್ತಾರಂತೆ. ಯಾವುದಕ್ಕೆ ಎಂದು ತಾಲ್ಲೂಕಿನ ಶಿಕ್ಷಣಾಧಿಕಾರಿ, ಬಿಇಒ, ತಿಳಿಸಬೇಕು. ಅಂದರೆ ನಾನು.

13 ಏಪ್ರಿಲ್, ಸಂಜೆ

ಮೇಗುಂದ. ಅಪ್ಪ ಅಮ್ಮ ಹೋದ ಮೇಲೆ ತವರು ಅಂದರೆ ಸೀತಕ್ಕನ ಮನೆಯೇ. ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು.

"ನಮ್ಮೂರಿಗೇ ಅಲ್ದನಾ ಸುಲೋಚನಾ, ಎಂಟನೇ ಕ್ಲಾಸು?"

"ಇನ್ನೂ ತೀರ್ಮಾನ ಆಗಿಲ್ಲ ಅಕ್ಕ."

"ನೀನೇ ಮಾಡದಂತೆ. ಮತ್ತೆಂತ?" ನಗುತ್ತಾ ಕಡುಬು ಬಡಿಸಿದಳು. ಆಮೇಲೆ ಮೆಲ್ಲಗೆ: "ನಂಗೆ ಏಳಕ್ಕೇ ಮುಗೀತು. ಮುಂದಿನ ಕ್ಲಾಸು ಇಲ್ಲಿ ಇರ್ಲಿಲ್ಲ. ಇವ್ಳನ್ನಾದ್ರೂ ಹಾಸ್ಟೆಲಿಗೆ ಕಳ್ಸಿ ಅಂತ ಅಪ್ಪಯ್ಯನ ಹತ್ರ ಜಗಳ ಮಾಡಿದ್ದೆ. ನೆನಪುಂಟಾ?"

ಉಂಟು. ಮರೆಯುವುದು ಹೇಗೆ…

22 ಏಪ್ರಿಲ್

ಹೈಸ್ಕೂಲಿಗೆ ಹೋಗಲು ಮೇಗುಂದದ ಮಕ್ಕಳಿಗೆ ಬಸ್ಸಿದೆ. ತಪ್ಪಿದರೆ ಮನೆಯ ಜೀಪಿದೆ. ನಾರ್ವೆಯ ಹುಡುಗಿಯರಿಗೆ ಎರಡೂ ಇಲ್ಲ.

ನಾರ್ವೆ ಎಂದು ಬರೆದೆ. ಸಹಿ ಹಾಕಿದೆ.

ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ನಾನೇ ಅಕ್ಕನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡಳು. "ಆಯ್ತು ಮೇಡಂ" ಅಂದಳು.

ಮೇಡಂ. ಅಕ್ಕ, ನನ್ನನ್ನು.

6 ಜೂನ್

ನಾರ್ವೆಯಲ್ಲಿ ತರಗತಿ ಶುರು. ಹೊಸ ಮೇಷ್ಟ್ರು ಇನ್ನೂ ಬಂದಿಲ್ಲ. ಒಂದು ಪೀರಿಯಡ್ ನಾನೇ ತೆಗೆದುಕೊಂಡೆ. ಆಫೀಸರ್ ಆದ ಮೇಲೆ ಚಾಕ್‌ಪೀಸ್ ಹಿಡಿದದ್ದು ಇದೇ ಮೊದಲು. ರೇಖಾ ಎದ್ದು ನಿಂತು ಗಟ್ಟಿಯಾಗಿ ಓದಿದಳು. ಶಾಂತಕ್ಕ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಿಟಕಿಯ ಹೊರಗೆ ನಿಂತವಳು ಪಾಠ ಮುಗಿಯುವವರೆಗೂ ಕದಲಲಿಲ್ಲ.

ಇದನ್ನು ಅಕ್ಕನಿಗೆ ಹೇಳಬೇಕು ಅನ್ನಿಸಿತು. ಮೊಬೈಲ್ ತೆಗೆದೆ… ಒಳಗಿಟ್ಟೆ.

19 ಜುಲೈ

ಶೃಂಗೇರಿಯಲ್ಲಿ ಮೀಟಿಂಗ್. ನರಸಿಂಹರಾಜಪುರದ ಬಿಇಒ ನನ್ನ ನಿರ್ಧಾರ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಮೇಗುಂದದ ದಾರಿ ಬಂತು. ಡ್ರೈವರ್ "ತಿರುಗ್ಸ್ಲಾ ಮೇಡಂ?" ಅಂದ. ಬೇಡ ಅಂದೆ.

26 ಆಗಸ್ಟ್, ಗೌರಿ ಹಬ್ಬ

ಅಕ್ಕನ ಬಾಗಿನ ಬರಲಿಲ್ಲ. ನನ್ನ ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿರಲಿಲ್ಲ. ಗೇಟು ಸದ್ದಾದಾಗಲೆಲ್ಲ ಎದ್ದು ನೋಡಿದೆ — ಹಾಲಿನವನು. ಪಕ್ಕದ ಮನೆಯವರು.

"ನೀನೇ ಹೋಗಿ ಬಾರೇ ಮಾರಾಯ್ತಿ" ಅಂದರು ಇವರು.

ಹೋಗಿ ಎಂತ ಹೇಳಲಿ? ತಪ್ಪಾಯಿತು ಅನ್ನಲಾರೆ. ತಪ್ಪಲ್ಲ ಅದು. ಆದರೂ ಅಕ್ಕ ಬೇಕು.

12 ನವೆಂಬರ್, ಭಾನುವಾರ

ಹೇಳದೇ ಕೇಳದೇ ಮೇಗುಂದಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಳು. "ಕೂತ್ಕೊ" ಅಂದಳು. ಅಷ್ಟೇ. ಸುಲಿದ ಅಡಿಕೆ ಬುಟ್ಟಿಗೆ ಹಾಕಿ ಕೇಳಿದಳು:

"ನಾರ್ವೆ ಹುಡುಗೀರು ಬರ್ತಾವನಾ?"

"ಬರ್ತಾವೆ ಅಕ್ಕ. ಒಂದೂ ಬಿಟ್ಟಿಲ್ಲ."

"ನಂಗೆ ಸಿಟ್ಟು ಹೋಗ್ಲಿಲ್ಲ ಇನ್ನೂ."

"ಇರ್ಲಿ."

ಮತ್ತೆ ಸುಲಿದಳು. ಮುಖ ಎತ್ತದೆಯೇ ಕೇಳಿದಳು: "ಅಲ್ಲ ಕೂಸೇ, ಎಂಟನೇಲಿ ಎಂತ ಕಲಿಸ್ತಾರೆ?"

ಇಷ್ಟು ವರ್ಷಗಳಲ್ಲಿ ಅಕ್ಕ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮಣೆ ಎಳೆದುಕೊಂಡು ಹತ್ತಿರ ಕೂತೆ. ಮೊದಲನೆಯ ಪಾಠದಿಂದ ಶುರು ಮಾಡಿದೆ. ಅವಳು ಕತ್ತಿ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿ ಕೂತಳು.