ಕೆರಿಯನ ಮನೆ, ನಾಲ್ಕು

ಸಣ್ಣಕುರ್ವೆ
ಜೂನ್ ೮

ಮಗಳೇ ಭೂಮಿಕಾ,

ನಿನ್ನ ಅವ್ವನ ಆಶೀರ್ವಾದ. ನಾವೆಲ್ಲ ಸೌಖ್ಯ ಎಂದು ಬರೆಯಲು ಕೈ ಬರುತ್ತಿಲ್ಲ, ಸೌಖ್ಯವಿಲ್ಲ ಎಂದೂ ಬರೆಯುವಂತಿಲ್ಲ. ಯಾರಿಗೂ ಜ್ವರವಿಲ್ಲ, ದನಕರುಗಳಿಗೂ ಏನೂ ಆಗಿಲ್ಲ. ಆದರೆ ಮೊನ್ನೆ ಒಂದು ಸಂಗತಿ ನಡೆಯಿತು. ಫೋನ್ ಮಾಡುವುದು ಬಿಟ್ಟು ಪತ್ರ ಯಾಕೆ ಬರೆದಳು ಅಂತ ನೀನು ಕೇಳಬಹುದು. ಹೊಳೆ ನಡುವಿನ ಈ ಕುರ್ವೆಯಲ್ಲಿ ಸಿಗ್ನಲ್ ಇಲ್ಲ, ಆಚೆ ದಡಕ್ಕೆ ಹೋದರೆ ಇದೆ, ಅದೆಲ್ಲ ನಿನಗೆ ಗೊತ್ತಿದ್ದದ್ದೇ. ನಿನ್ನ ದನಿ ಕೇಳುತ್ತ ಈ ಮಾತು ಹೇಳುವುದು ನನ್ನಿಂದ ಆಗಲಿಲ್ಲ, ಅಷ್ಟೇ.

ಹೋದ ವರ್ಷ ಆಸ್ಪತ್ರೆಯಿಂದ ಬಂದ ದಿನ ನೀನು ಗೋಡೆ ಕಡೆ ಮುಖ ಮಾಡಿ ಮಲಗಿ ಒಂದು ಮಾತು ಹೇಳಿದ್ದೆ. ಇನ್ನು ಮೇಲೆ ಯಾರ ಬಸುರಿನ ಸುದ್ದಿಯನ್ನೂ ನನ್ನ ಕಿವಿಗೆ ಹಾಕಬೇಡ ಅವ್ವ ಅಂದಿದ್ದೆ. ಐದು ತಿಂಗಳ ಕೂಸನ್ನು ಹೊಟ್ಟೆಯಲ್ಲೇ ಕಳಕೊಂಡವಳ ಮಾತು, ನಾನು ಮೀರಲಿಲ್ಲ. ನಿನ್ನ ಚಿಕ್ಕಪ್ಪನ ಸೊಸೆಗೆ ಹೆರಿಗೆಯಾದದ್ದನ್ನು ಹೇಳಲಿಲ್ಲ. ಗಂಗೆ ಆಕಳು ಕರು ಹಾಕಿತು ಎನ್ನಲೂ ಹೆದರಿ, ಹಾಲು ಜಾಸ್ತಿಯಾಗಿದೆ ಅಂತಷ್ಟೇ ಅಂದೆ. ಇವತ್ತು ಆ ಮಾತು ಮುರಿಯುತ್ತಿದ್ದೇನೆ. ಪೂರ್ತಿ ಓದು ಮಗಳೇ, ನಡುವಲ್ಲೇ ಹರಿದು ಒಲೆಗೆ ಹಾಕಬೇಡ.

ಈ ಸಲ ಮಳೆ ವಿಪರೀತ ಅಂತ ಸುದ್ದಿ. ತಾಲೂಕು ಕಚೇರಿಯವರು ಬಂದು, ಹೊಳೆ ಏರಿದರೆ ಹೇಗೆ ದಾಟುತ್ತೀರಿ, ಒಮ್ಮೆ ಮಾಡಿ ತೋರಿಸಿ ಅಂದರು. ಸರಿ, ಊರಿಗೆ ಊರೇ ಎದ್ದು ನಿಂತಿತು. ಗಂಡಸರು ಜಗಲಿ ಜಗಲಿಯಲ್ಲಿ ಕೂತು ಹಗ್ಗ ಹೊಸೆದರು, ಖಾಲಿ ಡ್ರಮ್ಮುಗಳನ್ನು ಬಿಗಿದು ತೆಪ್ಪ ಕಟ್ಟಿದರು. ಹೆಂಗಸರು ಅಕ್ಕಿ, ಉಪ್ಪು, ಬೆಂಕಿಪೊಟ್ಟಣ ಡಬ್ಬಿಗೆ ತುಂಬಿ ಆಚೆ ದಡದ ಗುಡಿಯ ಅಟ್ಟಕ್ಕೆ ಸಾಗಿಸಿದೆವು. ಮನೆಗೊಂದು ಸೀಟಿ ಕೊಟ್ಟರು ನೋಡು, ತಿಮ್ಮಜ್ಜ ಅದನ್ನು ಊದಿದ ಹೊಡೆತಕ್ಕೆ ಕೋಳಿಗಳೆಲ್ಲ ಮರ ಹತ್ತಿದವು. ದನಗಳನ್ನೂ ಈಜಿಸಿ ನೋಡಿದರು. ಹೋದವು ಹೋದವೇ. ಆಚೆ ಹಸಿ ಹುಲ್ಲು ಕಂಡು ಸಂಜೆಯವರೆಗೂ ಒಂದೂ ತಿರುಗಿ ನೋಡಲಿಲ್ಲ.

ಜನರನ್ನು ಎಣಿಸುವುದಕ್ಕೂ ಒಂದು ಕ್ರಮ ಮಾಡಿಕೊಂಡೆವು. ನಮ್ಮ ಮನೆಯವರನ್ನು ನಾವು ಎಣಿಸುವಂತಿಲ್ಲ, ಪಕ್ಕದ ಮನೆಯವರು ಎಣಿಸಬೇಕು. ಹಿಂದಿನ ನೆರೆಯಲ್ಲಿ ಪಕ್ಕದ ಮನೆ ಸೀತಾರಾಮ ನಮ್ಮವರೆಲ್ಲ ಬಂದರು ಅಂತ ಕೂಗಿ ಹೇಳಿ, ಹೆತ್ತ ತಾಯಿಯನ್ನೇ ಅಟ್ಟದ ಮೇಲೆ ಬಿಟ್ಟು ಬಂದದ್ದು ನಿನಗೆ ನೆನಪಿರಬೇಕು. ಗಾಬರಿಯಲ್ಲಿ ತನ್ನವರೆಲ್ಲ ಇದ್ದಾರೆ ಅಂತಲೇ ಮನುಷ್ಯನಿಗೆ ಕಾಣುತ್ತದಂತೆ. ಹಾಗಾಗಿ ಈ ಸಲ ನಮ್ಮ ಮನೆಯ ಲೆಕ್ಕ ಆ ಸೀತಾರಾಮನದ್ದೇ. ಪುಣ್ಯಾತ್ಮ ಕೈಯಲ್ಲಿ ಮೈಕು ಬೇರೆ ಹಿಡಿದುಕೊಂಡಿದ್ದ.

ಮೊನ್ನೆ ಬೆಳಿಗ್ಗೆ ಸೀಟಿ ಊದಿದರು. ಎಲ್ಲರೂ ಗಂಟು ಹಿಡಿದು ದೋಣಿ ಕಟ್ಟುವ ಕಲ್ಲಿನ ಹತ್ತಿರ ಬಂದೆವು. ಸಾಹೇಬರು ಆಚೆ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಿನ್ನ ಅಪ್ಪ ಹುಟ್ಟು ಹಿಡಿದು ದೋಣಿಯಲ್ಲಿ ನಿಂತಿದ್ದರು. ನಾನು ಒಂದು ಕಾಲು ದೋಣಿಗಿಟ್ಟಿದ್ದೆ. ಸೀತಾರಾಮ ನಮ್ಮತ್ತ ನೋಡಿ ಮೈಕಿನಲ್ಲಿ ಕೆರಿಯನ ಮನೆ, ಮೂರು ಅಂದ.

ಹಿಂದಿನಿಂದ ನಿನ್ನಜ್ಜಿ, ಮೂರಲ್ಲ ಸೀತಾರಾಮ, ನಾಲ್ಕು ಹೇಳು ಅಂದಳು.

ಅಜ್ಜಿಗೆ ಎಂಬತ್ತಾಯಿತು, ಅರಳುಮರಳು ಅಂತ ಎಲ್ಲರೂ ನಕ್ಕರು. ಭೂಮಿಕಾ ಗಂಡನ ಮನೇಲದೆ ಅಜ್ಜಿ, ಅದ್ನ ಸಿದ್ದಾಪುರದೋರು ಎಣಸ್ಕಳ್ತ್ರು ಅಂತ ಸೀತಾರಾಮ ತಮಾಷೆ ಮಾಡಿದ. ಅಜ್ಜಿ ಕೋಲೆತ್ತಿ ಸೀದಾ ನನ್ನ ಹೊಟ್ಟೆಗೆ ತೋರಿಸಿದಳು. ಭೂಮಿಕನ್ನ ಎಣಸ್ಲಿಲ್ವೋ, ನನ್ ಸೊಸೆ ಬಸುರಿ ಅದೆ, ಬಸುರಿ ಹೊಳೆ ದಾಟೂದಲ್ಲ, ದೋಣಿಂದ ಇಳ್ಸು ಅದ್ನ ಅಂದಳು. ಸೀತಾರಾಮ ಮೈಕು ಆರಿಸಿರಲಿಲ್ಲ. ಇಡೀ ಮಾತು ಆಚೆ ದಡದ ಸಾಹೇಬರ ಕುರ್ಚಿಯವರೆಗೂ ಹೋಯಿತು.

ಅಯ್ಯೋ ಭೂಮೀ, ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ. ನಿನ್ನ ಅಪ್ಪನ ಕೈಯಿಂದ ಹುಟ್ಟು ಜಾರಿ ತೇಲಿ ಹೋಯಿತು, ಅದನ್ನು ತರಲು ಇಬ್ಬರು ನೀರಿಗೆ ಹಾರಿದರು. ನಲವತ್ತೈದರ ಹೆಂಗಸು, ಅಳಿಯನನ್ನು ಕಂಡವಳು! ಮುಟ್ಟು ನಿಂತದ್ದು ವಯಸ್ಸಿಗೆ ಅಂದುಕೊಂಡಿದ್ದೆ, ಹೊಟ್ಟೆ ಉಬ್ಬಿದ್ದು ಗ್ಯಾಸು ಅಂದುಕೊಂಡು ಓಮದ ನೀರು ಕುಡಿಯುತ್ತಿದ್ದೆ. ಒಣಮೀನು ಹುರಿದರೆ ಹಿತ್ತಲಿಗೆ ಓಡುತ್ತಿದ್ದದ್ದನ್ನು ಈ ಮುದುಕಿ ಮೂಲೆಯಲ್ಲಿ ಕೂತು ನೋಡಿದ್ದಾಳೆ. ನೋಡಿದವಳು ನನ್ನ ಕಿವಿಯಲ್ಲಿ ಹೇಳಬಾರದಿತ್ತೇ?

ಯಲ್ಲಾಪುರದ ಆಸ್ಪತ್ರೆಯಿಂದ ಬಂದಿದ್ದ ಜೊಹರಾ ಸಿಸ್ಟರ್ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಎರಡು ಗೆರೆ ಬಂತು. ನನಗೆ ನಂಬಿಕೆಯಾಗದೆ ಇನ್ನೊಮ್ಮೆ ಮಾಡಿಸಿದೆ, ಆಗಲೂ ಎರಡೇ. ನಾಲ್ಕನೇ ತಿಂಗಳಿರಬೇಕು, ಬಿಪಿ ಜಾಸ್ತಿ ಇದೆ ಅಂದರು. ಮಾದೇವಕ್ಕ, ಹೊಳೆ ತುಂಬಿ ದೋಣಿ ನಿಂತಮೇಲೆ ಏನಾದ್ರೂ ಆದ್ರೆ ಯಾರ ಕೈಲೂ ಆಗೂದಿಲ್ಲ, ಈಗಲೇ ಹೊರಗೆ ಬಾ ಅಂತ ಕೈ ಹಿಡಿದು ಹೇಳಿದರು. ಸಿದ್ದಾಪುರದಲ್ಲಿ ಮಗಳಿದ್ದಾಳಲ್ಲ, ಆಸ್ಪತ್ರೆಯೂ ಹತ್ತಿರ, ಅಲ್ಲಿಗೆ ಹೋಗು ಅಂದರು. ಅವರ ಬಾಯಿ ಮುಚ್ಚಿಸಿದೆ. ಮಗಳು ಬಾಣಂತನಕ್ಕೆ ತವರಿಗೆ ಬರುವುದುಂಟು. ಅವ್ವ ಬಸುರು ಹೊತ್ತು ಮಗಳ ಬಾಗಿಲಿಗೆ ಹೋಗುವುದನ್ನು ಎಲ್ಲಾದರೂ ಕೇಳಿದ್ದೀಯಾ? ಅದೂ ನಿನ್ನಂಥ ಮಗಳ ಬಾಗಿಲಿಗೆ?

ಹೊರಗೆ ಅಷ್ಟರಲ್ಲಿ ಊರು ಎರಡು ಪಾಲಾಗಿತ್ತು. ಬಸುರಿಯನ್ನು ದಾಟಿಸಿದರೆ ಹೊಳೆ ಮುನಿಯುತ್ತದೆ ಅಂತ ಅರ್ಧ ಜನ, ಬಿಟ್ಟು ಹೋಗುವುದಾದರೆ ಈ ತಯಾರಿಯೆಲ್ಲ ಯಾತಕ್ಕೆ ಅಂತ ಇನ್ನರ್ಧ. ಸಾಹೇಬರು ಆಚೆಯಿಂದ ಏನೋ ಕೂಗುತ್ತಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ಮಾತ್ರ ದೋಣಿಯ ಹಗ್ಗ ಹಿಡಿದು ಕಲ್ಲಿನ ಮೇಲೆ ಕೂತುಬಿಟ್ಟಳು. ಕಡೆಗೆ ಅಣಕು ಕಾರ್ಯಕ್ರಮ ಅರ್ಧಕ್ಕೇ ನಿಂತಿತು.

ನನಗೆ ನಾಚಿಕೆಯಾಗುತ್ತಿದೆ, ಹೆದರಿಕೆಯಾಗುತ್ತಿದೆ. ನೀನು ಹರಕೆ ಹೊತ್ತು, ಮಾತ್ರೆ ನುಂಗಿ, ಕಣ್ಣೀರು ಸುರಿಸಿ ಕೇಳಿದ್ದನ್ನು, ಕೇಳದೇ ಇದ್ದ ನನ್ನ ಮಡಿಲಿಗೆ ಹಾಕಿದನಲ್ಲ, ಆ ದೇವರು ಮನೆ ತಪ್ಪಿ ಬಂದನೇ? ನಿನ್ನ ಕೂಸನ್ನು ನಾನು ಕಸಿದುಕೊಂಡೆನೇನೋ ಅನಿಸಿ ಊಟ ಸೇರುತ್ತಿಲ್ಲ. ನಿನ್ನ ಅಪ್ಪ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ಸಿಟ್ಟಲ್ಲ, ಅವರಿಗೂ ನಾಚಿಕೆ. ಆದರೆ ಇವತ್ತು ನೋಡಿದರೆ ದೋಣಿಯಲ್ಲಿ ನಾನು ಕೂರುವ ಹಲಗೆಗೆ ಗೋಣಿಚೀಲ ಮಡಚಿ ಹಾಸಿದ್ದಾರೆ.

ನಾನು ಎಲ್ಲಿಗೂ ಬರುವುದಿಲ್ಲ, ಇಲ್ಲೇ ಇರುತ್ತೇನೆ. ನಿನ್ನನ್ನು ಹೆತ್ತದ್ದೂ ಇದೇ ಕುರ್ವೆಯಲ್ಲಿ, ಇದೇ ಅಜ್ಜಿಯ ಕೈಯಲ್ಲಿ. ನೀನು ಚಿಂತೆ ಮಾಡಬೇಡ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು ಅಂತ ಬರೆದೆ. ಅಳು ಬಂದರೆ ಅತ್ತುಬಿಡು, ನನ್ನನ್ನು ಬೈಯಬೇಕು ಅನಿಸಿದರೆ ಬೈದುಬಿಡು. ರಾಘು ಅಳಿಯಂದಿರಿಗೆ ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟದ್ದು.

ನಿನ್ನನ್ನೇ ಮೊದಲು ಹೆತ್ತ
ಅವ್ವ
(ಮಾದೇವಿ)

ಮತ್ತೆ ಬರೆದದ್ದು, ಜೂನ್ ೧೩:

ಇದನ್ನು ಮಡಚಿ ಅಕ್ಕಿ ಡಬ್ಬಿಯಲ್ಲಿಟ್ಟಿದ್ದೆ, ಕಳಿಸಲು ಧೈರ್ಯ ಬಂದಿರಲಿಲ್ಲ. ನಿನ್ನೆ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದಾಗ ತಿಮ್ಮಜ್ಜನ ಸೀಟಿ ಕೇಳಿತು. ಈ ಮುದುಕನಿಗೆ ಬೇರೆ ಕೆಲಸವಿಲ್ಲ ಅಂತ ಬೈದುಕೊಂಡೆ. ಆಮೇಲೆ ಎಲ್ಲ ಮನೆಗಳಿಂದಲೂ ಊದತೊಡಗಿದರು. ಬಾಗಿಲಿಗೆ ಬಂದು ನೋಡಿದರೆ ದೋಣಿ ಕಟ್ಟುವ ಕಲ್ಲು ಕಾಣಿಸುತ್ತಿರಲಿಲ್ಲ, ಕೆಂಪು ನೀರು ತುಳಸಿಕಟ್ಟೆಯ ತನಕ ಬಂದಿತ್ತು.

ನಾನು ಬರುವುದಿಲ್ಲ, ನೀವು ಹೋಗಿ ಅಂದೆ. ಆಗ ನಿನ್ನಜ್ಜಿ ಅಂಗಳದ ಮೂಲೆಯಿಂದ ಒಂದು ಹಿಡಿ ಮಣ್ಣು ತೆಗೆದು ನನ್ನ ಸೆರಗಿನ ತುದಿಗೆ ಕಟ್ಟಿದಳು. ದಡ ನಿನ್ ಸೆರಗಲ್ಲೇ ಅದೆ, ನೀ ದಾಟ್ದಾಂಗಲ್ಲ, ನಡಿ ಅಂತ ಬೆನ್ನಿಗೆ ಕೈ ಕೊಟ್ಟು ದೂಡಿದಳು. ಮೊನ್ನೆ ದೋಣಿ ತಡೆದವಳೂ ಇವಳೇ! ಮೊದಲ ದೋಣಿಯಲ್ಲೇ ನಾನೂ ಅವಳೂ. ಹೊಸೆದ ಹಗ್ಗ ಹರಿಯಲಿಲ್ಲ, ತೆಪ್ಪ ಮುಳುಗಲಿಲ್ಲ, ದನಗಳು ತಾವಾಗಿಯೇ ಈಜಿ ಮುಂದೆ ಹೋಗಿದ್ದವು. ಕಡೆಯ ದೋಣಿಯಲ್ಲಿ ನಿನ್ನ ಅಪ್ಪ ಬಂದಮೇಲೆ ಸೀತಾರಾಮ ಮಳೆಯಲ್ಲಿ ನೆನೆಯುತ್ತ ಒಂದೊಂದೇ ಮನೆ ಕೂಗಿದ. ಕೆರಿಯನ ಮನೆ, ನಾಲ್ಕು ಅಂದ. ಈ ಸಲ ಯಾರೂ ನಗಲಿಲ್ಲ. ಊರಿನವರೆಲ್ಲ ಗುಡಿಯಲ್ಲಿದ್ದಾರೆ, ನಾವೇ ಇಟ್ಟ ಅಕ್ಕಿ ಬೇಯಿಸಿಕೊಂಡು ಉಣ್ಣುತ್ತಿದ್ದಾರೆ.

ನಾನು ಯಲ್ಲಾಪುರದಲ್ಲಿ ಬಸ್ ಹತ್ತಿ, ಶಿರಸಿಯಲ್ಲಿ ಬದಲಿಸಿ, ಸಿದ್ದಾಪುರಕ್ಕೆ ಬಂದಿದ್ದೇನೆ. ಈ ಪತ್ರವನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಎದುರಿನ ಬಸ್ ತಂಗುದಾಣದಲ್ಲಿ ಕೂರುತ್ತೇನೆ. ಕಿಟಕಿ ತೆರೆದರೆ ಕಾಣುತ್ತೇನೆ. ನಿನಗೆ ಆಗದಿದ್ದರೆ ಕಿಟಕಿ ತೆರೆಯಬೇಡ. ಜೊಹರಾ ಸಿಸ್ಟರ್ ತಮ್ಮ ಮನೆಗೆ ಬಾ ಅಂದಿದ್ದಾರೆ, ಸಂಜೆಯ ಬಸ್ಸಿಗೆ ಹೋಗುತ್ತೇನೆ. ನಿನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ.

ಒಂದು ಮಾತು ಮರೆತೆ. ಮಗಳ ಹೊಸ್ತಿಲು ದಾಟಿದ ಮೇಲೆಯೇ ಸೆರಗಿನ ಗಂಟು ಬಿಚ್ಚಬೇಕಂತೆ. ಅಲ್ಲಿಯವರೆಗೆ ನಾನು ಹೊಳೆಯ ಮಧ್ಯದಲ್ಲೇ ಇದ್ದ ಲೆಕ್ಕ ಅಂತ ಅಜ್ಜಿ ಹೇಳಿದ್ದಾಳೆ. ಇನ್ನೂ ಬಿಚ್ಚಿಲ್ಲ.