ಮೂರು ಕೆಂಪು ಚುಕ್ಕೆ ಮತ್ತು ಕಳೆದುಹೋಗದ ಮುಚ್ಚಳ

ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ಫ್ರಾನ್ಸಿನ ಪಿಂಗಾಣಿ ತಾಟುಗಳು ಯಾವ ಸಾಹೇಬನ ವಂಶಸ್ಥರ ಕೊಡುಗೆಯೂ ಅಲ್ಲ. ಅವು ಸಿಂದಗಿಯ ಜೈತುನಬಿ ಅವರವು. ಅವರು ನನ್ನ ನಾನಿ, ಅಂದರೆ ತಾಯಿಯ ತಾಯಿ. ವಯಸ್ಸು ಎಂಬತ್ತೈದು, ಕಿವಿ ಇನ್ನೂ ಚುರುಕು.

ಸ್ವಾತಂತ್ರ್ಯಕ್ಕೆ ಮುಂಚೆ ನಾನಿ ಬಿಜಾಪುರದ ಬಂಗಲೆಯೊಂದರಲ್ಲಿ ಅಡುಗೆಗಿದ್ದರು. ತನ್ನ ದೇಶಕ್ಕೆ ಮರಳುವಾಗ ಅಲ್ಲಿಯ ದೊರೆಸಾನಿ, ಕೈಯಿಂದ ಗುಲಾಬಿ ಬರೆದ ಹನ್ನೆರಡು ತಾಟು, ಮುಚ್ಚಳವಿದ್ದ ಒಂದು ಸಾರಿನ ಬೋಗುಣಿ ಕೊಟ್ಟು ಹೋದಳು. ೧೯೯೬ರಲ್ಲಿ ನಿಮ್ಮ ಕಚೇರಿಯವರು ಬಂದು, “ನಿಮ್ಮ ಹೆಸರು ಬರದ ಇಡ್ತೇವ್ರಿ ಅಮ್ಮಾರ” ಎಂದು ಅವನ್ನು ಒಯ್ದರು.

ಕಳೆದ ತಿಂಗಳು ಆರು ತಿಂಗಳ ಮಗಳನ್ನು ಎತ್ತಿಕೊಂಡು, ನಾನಿಯ ಕೈ ಹಿಡಿದು ಬಂದೆ. ಹೆಸರಿನ ಜಾಗದಲ್ಲಿ ಏನಿತ್ತು? ‘ಸಾಹೇಬರ ವಂಶಸ್ಥರ ಕೊಡುಗೆ. ತಳದ ಮೂರು ಕೆಂಪು ಚುಕ್ಕೆಗಳು ಫ್ರೆಂಚ್ ಚಿತ್ರಕಾರನ ರಹಸ್ಯ ಸಹಿ. ಬೋಗುಣಿಯ ಮುಚ್ಚಳ ಕಾಲಾಂತರದಲ್ಲಿ ನಷ್ಟವಾಗಿದೆ.’ ಆ ಸಹಿ ಕಾಣಲೆಂದು ಕೆಳಗೆ ಕನ್ನಡಿ ಬೇರೆ!

ಸ್ವಾಮಿ, ನಮ್ಮ ಓಣಿಯಲ್ಲಿ ಮದುವೆಯೆಂದರೆ ಎಲ್ಲರ ಮನೆಯ ಪಾತ್ರೆಗಳು ಒಂದೆಡೆ ಸೇರುತ್ತವೆ. ಅದಲುಬದಲಾಗದಿರಲೆಂದು ಪ್ರತಿ ಮನೆಯವರೂ ತಳಕ್ಕೊಂದು ಗುರುತು ಹಾಕುತ್ತಾರೆ. ಕಾರಹುಣ್ಣಿಮೆಗೆ ನೆರೆಮನೆಯ ಕಾಳಪ್ಪನವರ ಎತ್ತಿನ ಕೋಡಿಗೆ ಹಚ್ಚಿ ಉಳಿದ ಬಣ್ಣದಲ್ಲಿ ನಾನಿ ಇಟ್ಟ ಚುಕ್ಕೆಗಳವು. ಯಾವ ಫ್ರೆಂಚ್ ಚಿತ್ರಕಾರ ಕಾರಹುಣ್ಣಿಮೆ ಆಚರಿಸುತ್ತಿದ್ದ? ತಿಳಿಸಿದರೆ ಉಪಕಾರವಾದೀತು.

ಇದನ್ನು ಹೇಳಿದ್ದಕ್ಕೆ ನಿಮ್ಮ ಸಹಾಯಕರು ನಕ್ಕರು. “ಅಡಗಿ ಮಾಡಾಕಿ ಕೈಯಾಗ ಇಂಥಾ ತಾಟು ಹೆಂಗ ಬಂದ್ವು? ನೀವ ಸ್ವಲ್ಪ ವಿಚಾರ ಮಾಡ್ರಿ ಅಕ್ಕಾರ.”

ಬಸ್ಸು ಹತ್ತಿದ ಮೇಲೆ ನಾನಿ ಕೇಳಿದರು: “ಅಲ್ಲವ್ವಾ, ಕದ್ದಾಕಿ ಗುರ್ತ ಅಳಿಸ್ತಾಳೋ, ಹಾಕ್ತಾಳೋ?”

ಅಂದಿನಿಂದ ನಾನಿ ಊಟದ ತಾಟನ್ನು ದೂರ ಸರಿಸುತ್ತಿದ್ದಾರೆ. ನನ್ನ ಮಗಳು ಕಳ್ಳಿಯ ಮರಿಮೊಮ್ಮಗಳೆಂದು ಬೆಳೆಯಬೇಕೇ? ಕೂಸು ಮಲಗುವುದಿಲ್ಲ, ಹಾಗಾಗಿ ನಾನೂ ಮಲಗಿಲ್ಲ. ನಿದ್ದೆಗೆಟ್ಟ ಬಾಣಂತಿಗೆ ಸೇಡಿನ ಯೋಚನೆಗೆ ಬೇಕಾದಷ್ಟು ಹೊತ್ತಿರುತ್ತದೆ ಮಾನ್ಯರೇ.

ಮುಚ್ಚಳ ನಷ್ಟವಾಗಿಲ್ಲ. ನಿಮ್ಮವರು ಬಂದ ದಿನ ಅದು ಮೊಸರಿನ ಗಡಿಗೆಯ ಮೇಲಿತ್ತು, ಇಂದಿಗೂ ಅಲ್ಲೇ ಇದೆ. ಒಳಗೆ ಅದೇ ಮೂರು ಕೆಂಪು ಚುಕ್ಕೆ.

ಒಂದು ತಿಂಗಳೊಳಗೆ ‘ಅಡುಗೆಯವರಾದ ಸಿಂದಗಿಯ ಜೈತುನಬಿ ಅವರ ತಾಟುಗಳು’ ಎಂದು ಬರೆಸಿ. ನಕ್ಕ ಸಹಾಯಕರು ಮನೆಗೆ ಬಂದು ನಾನಿಯ ಕ್ಷಮೆ ಕೇಳಲಿ. ಇಲ್ಲವಾದರೆ ಇಂಡಿ, ಮುದ್ದೇಬಿಹಾಳದ ಶಾಲೆಮಕ್ಕಳು ಪ್ರವಾಸ ಬಂದಾಗಲೆಲ್ಲ ಒಂದು ಕಂಕುಳಲ್ಲಿ ಮಗಳು, ಒಂದು ಕೈಯಲ್ಲಿ ಮುಚ್ಚಳ ಹಿಡಿದು ಆ ಪೆಟ್ಟಿಗೆಯ ಮುಂದೆ ನಿಲ್ಲುತ್ತೇನೆ. ಕನ್ನಡಿಯನ್ನಂತೂ ನೀವೇ ಇಟ್ಟಿದ್ದೀರಿ.

ಇಂತಿ,
ನಿಮ್ಮ ‘ನಷ್ಟವಾದ’ ಮುಚ್ಚಳವನ್ನು ದಿನಾ ತೊಳೆದಿಡುವ
ಅಲ್ಮಾಸ, ಬಿ.ಎ.
ಸಿಂದಗಿ, ೨೦೦೨