ಮೊದಲ ಪಂಕ್ತಿಗೆ ಕೂರಿಸಿದ ಪೊಟ್ಟಣ

ಒಳದಿಂಗಳ ಮೂರನೆಯ ದಿನ, ೨೨೩೧ನೆಯ ಇಸವಿ
ಘಟಪ್ರಭೆಯ ಅಣೆಕಟ್ಟೆಯ ಒಳದಾರಿ, ಎರಡನೆಯ ಅಂತಸ್ತು

ಮೂರುಕಾಲಿನ ಬೆಕ್ಕು ಎಂಬ ಹೆಸರಿನವರಿಗೆ ಚಂಪಾ ಬಾಳವ್ವ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ, ಹುಡುಕಬೇಡಿ. ಹೊರಗೆ ಕಾಲಿಡಲಾಗದ ನಲವತ್ತು ದಿನಗಳನ್ನು ನಮ್ಮ ಹಿರಿಯರು ಚೈತ್ರದಿಂದ ಇಪ್ಪತ್ತು, ವೈಶಾಖದಿಂದ ಇಪ್ಪತ್ತು ಕಿತ್ತು ಒಂದು ತಿಂಗಳು ಮಾಡಿದರು. ಅದೇ ಒಳದಿಂಗಳು. ಆ ದಿನಗಳಲ್ಲಿ ನಾವು ತೊಂಬತ್ತು ಜನ ಅಣೆಕಟ್ಟೆಯ ಗೋಡೆಯೊಳಗಿನ ದಾರಿಗಳಲ್ಲಿ ವಾಸ ಮಾಡುತ್ತೇವೆ. ಗೋಡೆ ತಂಪಾಗಿರುತ್ತದೆ, ಒಂದು ಸಣ್ಣ ಟರ್ಬೈನು ಇನ್ನೂ ತಿರುಗುತ್ತದೆ, ಅಷ್ಟು ಸಾಕು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕಡತಗಳನ್ನು ಓದಿ, ಆ ಕಡತಗಳನ್ನು ಬರೆದವರು ಅವಸರದಲ್ಲಿದ್ದರು.

ನಮ್ಮಲ್ಲಿ ವರ್ಷಕ್ಕೊಂದು ಪತ್ರ ಹಿಂದಿನ ಕಾಲಕ್ಕೆ ಹೋಗುತ್ತದೆ. ಹೇಗೆ ಎಂದು ಕೇಳಬೇಡಿ, ಟರ್ಬೈನು ನೋಡಿಕೊಳ್ಳುವವರಿಗೇ ಅದು ಅರ್ಧ ಗೊತ್ತು. ಈ ವರ್ಷದ ಸರದಿ ನನ್ನದು. ಹಿಂದಿನವರೆಲ್ಲ ನಿಮ್ಮ ಕಾಲದವರಿಗೆ ನದಿಯ ಬಗ್ಗೆ, ಗಾಳಿಯ ಬಗ್ಗೆ, ಬಿಸಿಲಿನ ಬಗ್ಗೆ ಬರೆದರು. ನೀವು ಓದಿದ ಹಾಗೇನೂ ಕಾಣಲಿಲ್ಲ. ಹಾಗಾಗಿ ನಾನು ದೊಡ್ಡ ವಿಷಯ ಎತ್ತುವುದಿಲ್ಲ. ಒಬ್ಬರೇ ಕೂತು ಅರ್ಧ ಗಂಟೆಯಲ್ಲಿ ಮಾಡಬಹುದಾದ ಒಂದು ಕೆಲಸ ಕೇಳುತ್ತೇನೆ. ಅದನ್ನು ಹೇಳುವ ಮೊದಲು ನನ್ನ ಕಷ್ಟ ಸ್ವಲ್ಪ ಕೇಳಿಸಿಕೊಳ್ಳಿ.

ನಿಮ್ಮ ಕಾಲದವರು ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ಆಡುತ್ತಿದ್ದ ಒಂದು ಆಟ ನಮ್ಮ ಬಳಿ ಉಳಿದಿದೆ. ಕತ್ತಿ, ಮಾಟಗಾರರು, ಬೆಟ್ಟದ ಮೇಲೆ ಹಾರುವ ಬೆಂಕಿಸರ್ಪ ಇರುವ ಆಟ. ಅದರ ನಿಜವಾದ ಹೆಸರು ಅಳಿಸಿಹೋಗಿದೆ, ನಾವು ಅದನ್ನು ಆಚೆ ಎನ್ನುತ್ತೇವೆ. ಕಣ್ಣಿನ ಪೆಟ್ಟಿಗೆಗೆ ಕಣ್ಗೂಡು ಎನ್ನುತ್ತೇವೆ. ಒಳದಿಂಗಳಲ್ಲಿ ಆಕಾಶ ನೋಡಬೇಕೆಂದರೆ ಆಚೆ ಹೋಗಬೇಕು, ಬೇರೆ ದಾರಿಯಿಲ್ಲ. ನಾವು ಅಲ್ಲಿ ಯುದ್ಧ ಮಾಡುವುದು ಕಡಿಮೆ. ಹೆಂಗಸರು ಹೊಳೆದಂಡೆಯಲ್ಲಿ ಕೂತು ಹರಟುತ್ತಾರೆ, ಗಂಡಸರು ಹುಲ್ಲುಗಾವಲಿನಲ್ಲಿ ಅಡ್ಡಾಡಿ ಬರುತ್ತಾರೆ. ರಾಕ್ಷಸರು ಅವರ ಪಾಡಿಗೆ ಅವರು ಕಾಯುತ್ತಾ ನಿಂತಿರುತ್ತಾರೆ, ಪಾಪ.

ಆಟದ ಜೊತೆಗೆ, ಆಟವನ್ನು ಬೇಕಾದ ಹಾಗೆ ತಿದ್ದಲು ಆಡುವವರೇ ಮಾಡಿಕೊಂಡ, ನೀವು ಮಾಡ್ ಪ್ಯಾಕ್ ಎನ್ನುತ್ತಿದ್ದ ನಾನೂರ ಹನ್ನೆರಡು ಪೊಟ್ಟಣಗಳೂ ಸಿಕ್ಕವು. ಅವುಗಳಲ್ಲಿ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು, ಯಾವ ಸಾಲಿನಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವವಳು ನಾನು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಯಂತ್ರ ಒಂದೇ, ಹಾಗಾಗಿ ಒಬ್ಬರಿಗೆ ಹಾಕಿದ ಪೊಟ್ಟಣ ಎಲ್ಲರಿಗೂ. ಪ್ರತಿ ವರ್ಷ ಆಯ್ಕೆಯ ಸಭೆ ಕೂಡುತ್ತದೆ. ಒಬ್ಬರಿಗೆ ಮಳೆ ಬೇಕು, ಇನ್ನೊಬ್ಬರಿಗೆ ಮಳೆ ಕಂಡರೆ ಅಳು ಬರುತ್ತದೆ, ಬೇಡ. ಒಬ್ಬರು ಹಸುಗಳು ದಪ್ಪಗಿರಲಿ ಎನ್ನುತ್ತಾರೆ. ಬೆಂಕಿಸರ್ಪದ ತಲೆಗೆ ರುಮಾಲು ಸುತ್ತುವ ಪೊಟ್ಟಣವನ್ನು ಮಕ್ಕಳು ಬಿಟ್ಟುಕೊಡುವುದಿಲ್ಲ. ಹೆಂಗಸರ ಬಟ್ಟೆ ಕಡಿಮೆ ಮಾಡುವ ಪೊಟ್ಟಣಗಳು ಅರವತ್ತಮೂರು ಇವೆ. ಅವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ನಾಚಿಕೆಪಡುವ ಕೆಲಸ ನಿಮಗೇ ಬಿಡುತ್ತೇನೆ. ಏನು ಹಾಕಿದರೂ ಬೈಗುಳ ತಪ್ಪಿದ್ದಲ್ಲ. ಬೆಳಿಗ್ಗೆ ನೀರಿಗೆ ಹೋದರೆ ಅಲ್ಲಿಯೂ ಯಾರಾದರೂ ಹಿಡಿದು, ಹೊಳೆಯ ಬಣ್ಣ ಯಾಕೆ ಬದಲಾಯಿತು ಎಂದು ಕೇಳುತ್ತಾರೆ. ನನಗೆ ಸಾಕಾಗಿದೆ. ನಿಜವಾಗಿಯೂ ಸಾಕಾಗಿದೆ.

ನಾನೂರ ಹನ್ನೆರಡರಲ್ಲಿ ಒಂದರ ಮೇಲೆ ಮಾಡಿದವರ ಹೆಸರು ಮೂರುಕಾಲಿನ ಬೆಕ್ಕು ಎಂದಿದೆ, ಆ ನಿಮ್ಮ ಪೊಟ್ಟಣದ ವಿಷಯಕ್ಕೆ ಬರುತ್ತೇನೆ. ಕುಳಿತವರು ನಡೆಯುವ ಪೊಟ್ಟಣ ಎಂದು ನೀವೇ ಅದಕ್ಕೆ ಹೆಸರಿಟ್ಟಿದ್ದೀರಿ. ಮೂಲ ಆಟದಲ್ಲಿ ಆಚೆ ನಡೆಯಬೇಕೆಂದರೆ ಈಚೆ ಎದ್ದು ನಿಂತು ಕೈಕಾಲು ಆಡಿಸಬೇಕು. ನಿಮ್ಮ ಪೊಟ್ಟಣ ಹಾಕಿದರೆ ಕುರ್ಚಿಯಲ್ಲಿ ಕೂತವರೂ ಬೆಟ್ಟ ಹತ್ತುತ್ತಾರೆ, ತಲೆ ಸುತ್ತುವುದಿಲ್ಲ. ನಮ್ಮ ದಸ್ತಗೀರ ಕಾಕಾ ಗೋಡೆಯ ಬಿರುಕು ಮುಚ್ಚುವ ಕೆಲಸದಲ್ಲಿ ಬಿದ್ದು ಎರಡೂ ಕಾಲು ಕಳೆದುಕೊಂಡವರು. ಇಪ್ಪತ್ತಾರು ವರ್ಷದಿಂದ ಅವರು ನಡೆಯುವುದು ನಿಮ್ಮ ಪೊಟ್ಟಣದಲ್ಲಿ ಮಾತ್ರ. ದಿನಕ್ಕೆ ಒಂದು ತಾಸು ಅವರು ಹೊಳೆಯಿಂದ ಖಾನಾವಳಿಯವರೆಗೆ ಹೋಗಿ ಬರುತ್ತಾರೆ, ಬಂದು ಕಾಲು ನೋಯುತ್ತಿದೆ ಎಂದು ತಮಾಷೆ ಮಾಡುತ್ತಾರೆ. ನಿಮ್ಮ ಮನೆಯಲ್ಲಿಯೂ ಯಾರೋ ಕುರ್ಚಿಯಲ್ಲಿ ಕೂತಿದ್ದಿರಬೇಕು ಎಂದು ನಾನು ಊಹಿಸುತ್ತೇನೆ. ಸುಮ್ಮನೆ ಯಾರೂ ಇಂಥದ್ದನ್ನು ಮಾಡುವುದಿಲ್ಲ.

ಆ ಖಾನಾವಳಿ ಕಣಿವೆಯ ತಿರುವಿನಲ್ಲಿದೆ, ನಿಮಗೆ ನೆನಪಿರಬಹುದು. ಅದರ ಒಡತಿ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ನಮ್ಮ ಮುದುಕರಿಗೆ ಅವಳ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅಷ್ಟು ದೂರ ನಡೆದು ಹೋಗಿ, ಯಾರೋ ಬೈದ ಹಾಗೆ ಆಗಿ, ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು. ಇದನ್ನು ನೋಡಿ ನನ್ನ ಅವ್ವ ತಾನೇ ಒಂದು ಪೊಟ್ಟಣ ಮಾಡುತ್ತೇನೆಂದು ಹಟ ಹಿಡಿದಳು. ಬಾಳವ್ವ ಎಂದು ಅವಳ ಹೆಸರು, ಒಳದಾರಿಯ ಅಡಿಗೆಮನೆ ಅವಳದೇ. ಇಲ್ಲಿ ಸಣ್ಣ ಸದ್ದಿಗೂ ಗೋಡೆ ಮರುದನಿ ಕೊಡುತ್ತದೆ. ಅದಕ್ಕೆ ಅವಳು ಎರಡು ಕೌದಿ ತಲೆತುಂಬ ಹೊದ್ದುಕೊಂಡು, ಒಳಗೆ ಬೆವರು ಸುರಿಸುತ್ತಾ, ಒಡತಿಯ ಇನ್ನೂರ ಹದಿನಾಲ್ಕು ಮಾತುಗಳನ್ನು ನಮ್ಮ ಮಾತಿನಲ್ಲಿ ಹೇಳಿ ತುಂಬಿಸಿದಳು. ಒಂದು ತಿಂಗಳು ಹಿಡಿಯಿತು. ಬಾಗಿಲಲ್ಲಿ ಹೇಳುವ ಮೊದಲ ಮಾತು ನನಗೆ ಬಾಯಿಪಾಠವಾಗಿತ್ತು, ಪಕ್ಕದಲ್ಲಿ ಕೂತು ದೀಪ ಹಿಡಿದಿದ್ದವಳು ನಾನೇ.

"ಬಂದಿ ಏನವಾ? ಕುಂಡ್ರು. ರೊಟ್ಟಿ ಬಿಸಿ ಅದಾವು."

ಪೊಟ್ಟಣ ಸಿದ್ಧವಾದಾಗ ನಾನು ಈ ಕೆಲಸಕ್ಕೆ ಹೊಸಬಳು. ಇಲ್ಲಿ ಊಟಕ್ಕೆ ಮೂರು ಪಂಕ್ತಿ ಕೂರುತ್ತದೆ. ಹಿರಿಯರು ಮೊದಲ ಪಂಕ್ತಿ, ಕೆಲಸದವರು ಎರಡನೆಯದು, ನಮ್ಮಂಥ ಉಳಿದವರು ಕೊನೆಯದು. ಹಿರಿಯರನ್ನು ಕೊನೆಗೆ ಕೂರಿಸಿದರೆ ಒಂದು ವರ್ಷ ಮಾತು ಬಿಡುವ ಜನ ನಾವು. ಪೊಟ್ಟಣಗಳಿಗೂ ಅದೇ ಮರ್ಯಾದೆ ಎಂದು ಯಾರೂ ಹೇಳಿಕೊಡದೆಯೇ ನಾನು ನಂಬಿದ್ದೆ. ಯಂತ್ರಕ್ಕೆ ಕುಂಕುಮ ಹಚ್ಚಿ, ಅವ್ವನ ಪೊಟ್ಟಣವನ್ನು ಎಲ್ಲಕ್ಕಿಂತ ಮೊದಲು ಕೂರಿಸಿದೆ. ಆಮೇಲೆ ಉಳಿದವು. ನಿಮ್ಮದು ಸಾಲಿನಲ್ಲಿ ತೀರಾ ಹಿಂದೆ ಇತ್ತು, ಬೇಸರ ಮಾಡಿಕೊಳ್ಳಬೇಡಿ, ಆಗ ನೀವು ಯಾರೋ ಪರಕೀಯರು.

ಜೋಡಣೆ ಮುಗಿದ ಮರುದಿನ ಅವ್ವ ಹೊಸ ಸೀರೆ ಉಟ್ಟು ಬಂದಳು. ಕಣ್ಗೂಡಿನಲ್ಲಿ ಸೀರೆ ಯಾರಿಗೂ ಕಾಣುವುದಿಲ್ಲ ಎಂದು ನಾವೆಲ್ಲ ನಕ್ಕೆವು. ಅವಳು ಆಚೆ ಹೋದಳು, ಖಾನಾವಳಿಯವರೆಗೆ ನಡೆದಳು, ಬಾಗಿಲಲ್ಲಿ ನಿಂತಳು. ಒಡತಿ ಇಂಗ್ಲಿಷಿನಲ್ಲಿಯೇ ಮಾತಾಡಿದಳು. ಅವ್ವ ಒಳಗೆ ಹೋಗಿ ಹೊರಗೆ ಬಂದು ಮತ್ತೆ ನಿಂತಳು, ಮೂರು ಸಲ. ಆಮೇಲೆ ಕಣ್ಗೂಡು ತೆಗೆದು ನನ್ನ ಕೈಗೆ ಕೊಟ್ಟಳು.

"ನನ್ನ ದನಿ ಅದಕ್ಕ ಒಗ್ಗಲಿಲ್ಲ ಬಿಡವಾ. ರೊಟ್ಟಿ ಬಡಿಯೋ ದನಿ ಅದು."

ನಾನೂ ಹಾಗೆಯೇ ಅಂದುಕೊಂಡೆ. ಇನ್ನೂ ಕೆಟ್ಟದ್ದು ಹೇಳುತ್ತೇನೆ: ಸಭೆಯಲ್ಲಿ ಯಾರೋ ಕೇಳಿದಾಗ, ಅವ್ವನಿಗೆ ಈ ಕೆಲಸ ತಿಳಿಯುವುದಿಲ್ಲ, ಏನೋ ತಪ್ಪು ತುಂಬಿಸಿದ್ದಾಳೆ ಎಂದು ಎಲ್ಲರೆದುರು ಹೇಳಿದೆ. ಅವಳು ಹಿಟ್ಟು ಕಲಸುತ್ತಾ ಅಲ್ಲಿಯೇ ಕೂತಿದ್ದಳು. ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು, ಆಚೆ ಮಾತ್ರ ಮತ್ತೊಮ್ಮೆ ಹೋಗಲಿಲ್ಲ. ಬಿಸಿಯೇ ಇಲ್ಲದ ಬಿಸಿಲು ನನಗೆ ಒಗ್ಗುವುದಿಲ್ಲ ಎಂದು ಏನೋ ನೆಪ ಹೇಳುತ್ತಿದ್ದಳು. ಅವಳ ಪೊಟ್ಟಣವನ್ನು ಮಾತ್ರ ನಾನು ಪ್ರತಿ ವರ್ಷ ತಪ್ಪದೆ ಮೊದಲ ಪಂಕ್ತಿಯಲ್ಲಿಯೇ ಕೂರಿಸಿದೆ, ಹೋದವಳಿಗೆ ಸಲ್ಲಬೇಕಾದ ಗೌರವ ಎಂದು.

ಕಳೆದ ವಾರ, ಕೆಲಸವಿಲ್ಲದೆ, ರುಮಾಲಿನ ಪೊಟ್ಟಣದ ಜೊತೆಗಿದ್ದ ಬರಹವನ್ನು ಓದುತ್ತಾ ಕೂತಿದ್ದೆ. ನಾನೂರ ಹನ್ನೆರಡರಲ್ಲಿ ಅತ್ಯಂತ ಅಸಂಬದ್ಧವಾದ ಆ ಪೊಟ್ಟಣದ ಜೊತೆಗೆ ಐದು ಪುಟದ ವಿವರಣೆ ಇದೆ. ಇಂಗ್ಲಿಷಿನಲ್ಲಿರುವ ಅದನ್ನು ಬಿಡಿಸಿ ಓದಲು ನನಗೆ ಮೂವತ್ತು ವರ್ಷ ಪುರಸೊತ್ತು ಸಿಕ್ಕಿರಲಿಲ್ಲ. ಅದರಲ್ಲಿ ಹೀಗಿತ್ತು: ಎರಡು ಪೊಟ್ಟಣಗಳಲ್ಲಿ ಒಂದೇ ಕಡತ ಇದ್ದರೆ ಕೊನೆಗೆ ಹಾಕಿದ್ದು ಉಳಿಯುತ್ತದೆ, ಮೊದಲು ಹಾಕಿದ್ದು ಅಳಿಸಿಹೋಗುತ್ತದೆ. ಅದನ್ನು ಮೂರು ಸಲ ಓದಿದೆ. ಎದ್ದು ಹೋಗಿ ಕಡತಗಳನ್ನು ಹೋಲಿಸಿ ನೋಡಿದೆ. ಆಟದಲ್ಲಿ ಜನ ನಡೆಯುವ ರೀತಿ, ಮಾತಾಡುವ ದನಿ, ಎರಡೂ ಒಂದೇ ಕಡತದಲ್ಲಿವೆ. ಆ ಕಡತ ಅವ್ವನ ಪೊಟ್ಟಣದಲ್ಲಿಯೂ ಇದೆ, ನಿಮ್ಮದರಲ್ಲಿಯೂ ಇದೆ. ಅವಳದರಲ್ಲಿ ನಡಿಗೆ ಹಳೆಯದು, ನಿಮ್ಮದರಲ್ಲಿ ದನಿ ಹಳೆಯ ಇಂಗ್ಲಿಷಿನದು, ಕೊನೆಗೆ ಕೂತದ್ದು ನಿಮ್ಮದು. ಅವ್ವನ ದನಿಗೆ ಏನೂ ಆಗಿರಲಿಲ್ಲ. ಇನ್ನೂರ ಹದಿನಾಲ್ಕು ಮಾತುಗಳೂ ಸರಿಯಾಗಿದ್ದವು. ಗೌರವ ಕೊಡುತ್ತೇನೆಂದು ನಾನೇ, ನನ್ನ ಕೈಯಾರೆ, ವರ್ಷವರ್ಷವೂ ಅವಳ ಬಾಯಿ ಮುಚ್ಚಿಸಿದ್ದೆ.

ಅವಳದನ್ನು ಕೊನೆಗೆ ಕೂರಿಸಿದರೆ ಆಯಿತಲ್ಲ ಎನ್ನುತ್ತೀರಿ. ಕೂರಿಸಿದರೆ ನಿಮ್ಮ ಕಡತ ಅಳಿಸಿ ಹಳೆಯ ನಡಿಗೆ ಬರುತ್ತದೆ, ದಸ್ತಗೀರ ಕಾಕಾ ಆಚೆಯೂ ಕೂತಲ್ಲಿಯೇ ಕೂರಬೇಕಾಗುತ್ತದೆ. ಎರಡೂ ಸಾಲುಗಳನ್ನು ಹಾಕಿ ನೋಡೋಣವೆಂದರೆ ಯಂತ್ರ ಹಳೆಯದು. ಒಂದು ಸಾಲು ಜೋಡಿಸಲು ಒಂಬತ್ತು ದಿನ ಕಾದು ಕೆಂಪಾಗುತ್ತದೆ. ಇನ್ನೊಂದು ಜೋಡಣೆಯನ್ನು ತಡೆದೀತು, ಎರಡನ್ನು ತಡೆಯುವುದಿಲ್ಲ ಎಂದು ಟರ್ಬೈನಿನವರು ಖಂಡಿತವಾಗಿ ಹೇಳಿದ್ದಾರೆ. ಇದೇ ಕೊನೆಯ ಆಯ್ಕೆ. ಏನು ಜೋಡಿಸುತ್ತೇನೋ ಅದೇ ಉಳಿಯುತ್ತದೆ, ನನ್ನ ನಂತರದವರಿಗೂ ಅದೇ ಗತಿ.

ಕಾಕಾಗೆ ಹೇಳದೆ ಮಾಡುವುದು ಸರಿಯಲ್ಲವೆಂದು ಹೋಗಿ ಹೇಳಿದೆ. ಅವರು ಅವ್ವನ ರೊಟ್ಟಿ ತಿಂದು ಬೆಳೆದವರು. ಗೋಡೆಯಿಂದ ಜಿನುಗುವ ನೀರನ್ನು ಬೆರಳಿನಿಂದ ಒರೆಸುತ್ತಾ ಕೂತರು.

"ಬಾಳಕ್ಕನ್ನ ಹಾಕವಾ. ಖಾನಾವಳಿಗೆ ಹೋದ ಮ್ಯಾಲ ಕುಂಡ್ರೂದ ಅಲ್ಲೇನು? ಅಲ್ಲೇ ಬಾಗಲದಾಗ ನನ್ನ ಕುಂಡ್ರಿಸಿ ಬಿಡು, ಕೇಳ್ತೀನಿ."

ನಗುತ್ತಲೇ ಹೇಳಿದರು. ಆದರೆ ಅವತ್ತು ಅವರು ಒಂದು ತಾಸಿನ ಬದಲು ಮೂರು ತಾಸು ಆಚೆ ಇದ್ದರು. ನಾನು ಪರದೆಯಲ್ಲಿ ನೋಡಿದೆ. ಖಾನಾವಳಿಯ ಕಡೆಗೆ ಅವರು ಹೋಗಲೇ ಇಲ್ಲ, ಹೊಳೆಯ ಉದ್ದಕ್ಕೂ ಸುಮ್ಮನೆ ನಡೆಯುತ್ತಲೇ ಇದ್ದರು.

ಈಗ ನಿಮ್ಮ ಕೆಲಸ. ಒಂದೇ ಕಡತದಲ್ಲಿರುವ ನಡಿಗೆಯನ್ನೂ ದನಿಯನ್ನೂ ಬೇರೆ ಮಾಡುವುದು ಹೇಗೆ ಎಂಬುದು ನಿಮಗೆ ಗೊತ್ತಿರಲೇಬೇಕು, ನಡಿಗೆಯೊಂದನ್ನೇ ತಿದ್ದಿದವರು ನೀವು. ನಿಮ್ಮ ಪೊಟ್ಟಣದ ಜೊತೆಗೂ ಒಂದು ಪುಟ್ಟ ಬರಹ ಇದೆ. ಎಲ್ಲದರಲ್ಲಿ ಅದೊಂದೇ ಕನ್ನಡದ್ದು, ಅದಕ್ಕೇ ನಿಮಗೆ ಬರೆಯುವ ಧೈರ್ಯ ಬಂತು. ಹಾಕುವುದು ಹೇಗೆ, ತೆಗೆಯುವುದು ಹೇಗೆ ಎಂದು ಚೆನ್ನಾಗಿ ಬರೆದಿದ್ದೀರಿ. ಕೊನೆಯಲ್ಲಿ "ಬೇರೆ ಪೊಟ್ಟಣಗಳ ಜೊತೆ ಜೋಡಿಸುವ ವಿಧಾನ" ಎಂದು ತಲೆಬರಹ ಕೊಟ್ಟು, ಕೆಳಗೆ ಎರಡೇ ಪದ ಬರೆದು ಎದ್ದು ಹೋಗಿದ್ದೀರಿ: "ಆಮೇಲೆ ಬರೀತೀನಿ."

ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ. ನಿಮಗೆ ಆಫೀಸಿಗೆ ಹೊತ್ತಾಗಿತ್ತೋ, ಕುರ್ಚಿಯಲ್ಲಿದ್ದವರು ಕರೆದರೋ, ನನಗೇನು ಗೊತ್ತು. ಐದು ಪುಟ ಓದದೆ ಮೂವತ್ತು ವರ್ಷ ಕಳೆದವಳು ನಾನು, ನನಗೆ ಆ ಹಕ್ಕೂ ಇಲ್ಲ. ಆದರೆ ಆ ಆಮೇಲೆ ಇನ್ನೂರು ವರ್ಷ ಆಯಿತು. ದಯವಿಟ್ಟು ಇವತ್ತು ಕೂತು ಬರೆದುಬಿಡಿ. ನಾಲ್ಕು ಸಾಲು ಸಾಕು. ಬೇಗ ಬರೆದಷ್ಟೂ ಒಳ್ಳೆಯದು. ಯಾರಿಗೆ ಗೊತ್ತು, ಅವ್ವ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತ ದಿನಕ್ಕೇ ಅದು ತಲುಪಿದರೂ ತಲುಪಬಹುದು. ಬೆಕ್ಕಿನ ನಾಲ್ಕನೆಯ ಕಾಲಿಗೆ ಏನಾಯಿತು ಎಂಬುದನ್ನೂ ಬರೆಯಬೇಕೆಂದು ಕಾಕಾ ಹೇಳಿದ್ದಾರೆ, ಅವರಿಗೆ ಅದರ ಚಿಂತೆ.

ಒಳದಿಂಗಳ ಹತ್ತನೆಯ ದಿನ ಜೋಡಣೆ ಶುರು ಮಾಡಲೇಬೇಕು, ಟರ್ಬೈನು ಆಮೇಲೆ ಅಷ್ಟು ಬಲ ಕೊಡುವುದಿಲ್ಲ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲು ನಿಮ್ಮ ಬರಹವನ್ನು ತೆರೆದು ನೋಡುತ್ತೇನೆ. ಹತ್ತನೆಯ ದಿನಕ್ಕೂ ಅದು ಹಾಗೆಯೇ ಇದ್ದರೆ ಅವ್ವನನ್ನು ಕೊನೆಗೆ ಕೂರಿಸಿ, ಕಾಕಾರನ್ನು ಖಾನಾವಳಿಯ ಬಾಗಿಲಲ್ಲಿ ಬಿಟ್ಟು, ಈ ಕೆಲಸಕ್ಕೆ ಕೈಮುಗಿಯುತ್ತೇನೆ.

ಇವತ್ತೂ ನೋಡಿದೆ. ಅವೇ ಎರಡು ಪದ ಇವೆ.

ನಿಮ್ಮ ದಾರಿ ಕಾಯುತ್ತಿರುವ,
ಚಂಪಾ ಬಾಳವ್ವ